ಗಾರುಡಿಗರ ಮಂಡಲಿಗಳು

ಬಡಗಿಯು ತನ್ನ ಕೆಲಸದ ತೊಡಕನ್ನು ನೆರೆಯವನೊಡನೆ ಹೇಳಿಕೊಳ್ಳಬಹುದು. ವೈದ್ಯನು ಮತ್ತೊಬ್ಬ ವೈದ್ಯನನ್ನು ಕೇಳಬಹುದು. ಗಾರುಡಿಗನ ಪಾಡು ಹಾಗಲ್ಲ. ತನ್ನ ವಿದ್ಯೆಯ ಮರ್ಮವನ್ನು ಬಾಯಿಬಿಟ್ಟೊಡನೆಯೇ ಆ ವಿದ್ಯೆಯು ಬೆಲೆಗೆಡುವುದು. ನೋಟಕರಿಂದ ಚಪ್ಪಾಳೆ ದೊರೆತೀತೇ ಹೊರತು, ಕೈಚಳಕವು ಎಲ್ಲಿ ಎಡವಿತೆಂಬ ತಿದ್ದುಪಡಿ ದೊರೆಯಲಾರದು. ಆದುದರಿಂದ ಸಂಘದ ಅವಶ್ಯಕತೆಯು ಇವರಿಗೆ ಇತರ ಕಸುಬಿನವರಿಗಿಂತ ಹೆಚ್ಚೆಂದೇ ಹೇಳಬೇಕು.

1902ನೆಯ ಇಸವಿ ಮೇ 10ರಂದು ನ್ಯೂಯಾರ್ಕಿನಲ್ಲಿ, ಮಾರ್ಟಿಂಕ ಎಂಬವರ ಜಾದೂಸಾಮಗ್ರಿಯ ಅಂಗಡಿಯ ಹಿಂದಣ ಕೋಣೆಯಲ್ಲಿ, ಅಮೆರಿಕದ ಗಾರುಡಿಗರ ಸಂಘವು ಹುಟ್ಟಿತು. ಸಂಕೋಲೆಗಳಿಂದ ಪಾರಾಗುವುದರಲ್ಲಿ ಹೆಸರಾಂತ ಹೌಡಿನಿಯು 1917ರಿಂದ 1926ರಲ್ಲಿ ತೀರಿಕೊಳ್ಳುವವರೆಗೂ ಅದರ ಅಧ್ಯಕ್ಷನಾಗಿದ್ದು, ಊರೂರಿನ ಚಿಕ್ಕ ಕೂಟಗಳನ್ನು ಅದರೊಳಗೆ ಸೇರಿಸುತ್ತ ಬಂದನು. ಒಂಟಿಯಾಗಿ ದೂರದಲ್ಲಿದ್ದವರಿಗೆ ಅಂಚೆಯೇ ಗತಿ. 1922ರಲ್ಲಿ ಕೆನಡದ ವಿನಿಪೆಗ್ಗಿನ ಲೆನ್ ವಿಂಟಸ್ ಮೊದಲಾದವರು ಕಾಗದಗಳ ಮೂಲಕವೇ ಗಾರುಡಿಗರ ಅಂತರರಾಷ್ಟ್ರೀಯ ಸೋದರಮಂಡಲಿಯನ್ನು ಕಟ್ಟಿದರು.

ಲಂಡನ್ನಿನ ಮ್ಯಾಜಿಕ್ ಸರ್ಕಲ್ ಎಂಬ ಮಂಡಲಿಯು 1905ರದು. ಗುಟ್ಟನ್ನು ಹೊರಗೆಡಹಬಾರದೆಂಬುದೇ ಅದರ ಧ್ಯೇಯವಾಕ್ಯ. ಪರೀಕ್ಷೆ ಕೊಟ್ಟೇ ಒಳಹೊಗಬೇಕು. ಒಳಹೊಕ್ಕವರಿಗೆ ಗ್ರಂಥಭಂಡಾರವುಂಟು, ಸೋಮವಾರದ ಕೂಟವುಂಟು, ತಪ್ಪನ್ನು ತೋರಿಸಿಕೊಡುವ ಹಿರಿಯರುಂಟು. ಮಂಡಲಿಯ ಹೆಸರಿನಿಂದ ಆಟಕ್ಕೆ ಕರೆಯೂ ಬರುವುದುಂಟು. ಆದರೆ 1991ರವರೆಗೆ ಇವೆಲ್ಲವೂ ಗಂಡಸರಿಗೆ ಮಾತ್ರ! ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲದೆಂಬ ಮಾತು ನಮ್ಮಲ್ಲಿ ಮಾತ್ರವಲ್ಲ, ಅಲ್ಲಿಯೂ ಇದ್ದಿತು.

ಜೆನ್ನಿ ವಿನ್‌ಸ್ಟ್ಯಾನ್ಲಿ ಎಂಬ ಗಾರುಡಿಗಿತಿಯು ಇದನ್ನು ಸಹಿಸದೆ, ಸೋಫಿ ಲಾಯ್ಡ್ ಎಂಬ ನಟಿಗೆ ವಿದ್ಯೆಯನ್ನು ಕಲಿಸಿ, ರೇಮಂಡ್ ಎಂಬ ಯುವಕನ ವೇಷವನ್ನು ತೊಡಿಸಿದಳು. ಬೆರಳುಗಳ ನಯವು ಕಣ್ಣಿಗೆ ಬೀಳದಂತೆ ಕೈಗವಸು ಬೇರೆ. ಕೈಗವಸು ತೊಟ್ಟು ಸೂಜಿಗೆ ದಾರ ಪೋಣಿಸಿ ನೋಡಿದ ಗೃಹಿಣಿಯರಿಗೆ ಆ ಕಷ್ಟವು ತಿಳಿದೀತು. 1991ರ ಮಾರ್ಚಿನಲ್ಲಿ ‘ರೇಮಂಡ’ನು ಪರೀಕ್ಷೆಯಲ್ಲಿ ತೇರ್ಗಡೆಯಾದನು, ಪರೀಕ್ಷಕನಿಗೆ ಸಂಶಯವೇ ಹುಟ್ಟಲಿಲ್ಲ.

ಅದೇ ಅಕ್ಟೋಬರಿನಲ್ಲಿ ಸ್ತ್ರೀಯರಿಗೆ ಬಾಗಿಲು ತೆರೆಯಿತು. ಆಗ ಅವರಿಬ್ಬರೂ ನಿಜವನ್ನು ಹೊರಗೆಡಹಿದರು. ತಿಂಗಳುಗಟ್ಟಲೆ ಗುಟ್ಟನ್ನು ಕಾಪಾಡಿ, ಗುಟ್ಟಿನ ಪಂಡಿತರನ್ನೇ ಮರುಳುಗೊಳಿಸಿದವಳಿಗೆ ದೊರೆತುದು ಬಹಿಷ್ಕಾರ! ವಂಚನೆ ಮಾಡಿದಳೆಂಬುದು ಆಪಾದನೆ. ಕಣ್ಕಟ್ಟನ್ನೇ ಬದುಕಾಗಿಸಿಕೊಂಡವರ ಬಾಯಲ್ಲಿ ಈ ಮಾತು ಹೇಗೆ ಬಂದಿತೋ ಕಾಣೆವು.

2025ರಲ್ಲಿ ಮಂಡಲಿಯು ಸೋಫಿಯನ್ನು ಮರಳಿ ಕರೆದು ಸದಸ್ಯತ್ವವನ್ನು ಕೊಟ್ಟಿತು. ಕಲಿಸಿದ ಜೆನ್ನಿಯು ಆ ವೇಳೆಗೆ ತೀರಿಕೊಂಡಿದ್ದಳು.