ಬೀಜ ಎಷ್ಟು ದೂರ ನಡೆದೀತು?

ರಾಮನಾಥಪುರಕ್ಕೆ ಹೋದವರು ಕಾವೇರಿಯ ಮೆಟ್ಟಿಲ ಮೇಲೆ ಕುಳಿತು, ವಹ್ನಿಪುಷ್ಕರಿಣಿಯ ಮೀನುಗಳಿಗೆ ಒಂದು ಹಿಡಿ ಮಂಡಕ್ಕಿ ಎರಚದೆ ಹಿಂದಿರುಗುವುದು ವಿರಳ. ಆ ಮೀನುಗಳು ದೇವರವು. ಅವನ್ನು ಹಿಡಿಯುವುದು ನಿಷಿದ್ಧ. ಅಲ್ಲಿಂದ ಹೊಳೆಯ ಜಾಡು ಹಿಡಿದು ಮೇಲಕ್ಕೆ ನಡೆದರೆ ಅರಕಲಗೂಡು ತಾಲ್ಲೂಕಿನ ಎಲ್ಲೆ ಮುಗಿದು ಕೊಡಗು ಎದುರಾಗುತ್ತದೆ. ಇಲ್ಲಿ ಮೀನಿಗೆ ದೊರೆತ ಅಭಯ ಅಲ್ಲಿ ಮರಕ್ಕೆ ದೊರೆತಿದೆ. ಕೊಡಗಿನಲ್ಲಿ 1,200ಕ್ಕೂ ಮೇಲ್ಪಟ್ಟು ದೇವರಕಾಡುಗಳುಂಟು. ಆದರೆ ಭಕ್ತಿಯು ಮರವನ್ನು ಕೊಡಲಿಯಿಂದ ಕಾಯಬಲ್ಲುದಾದರೂ ಒಂಟಿತನದಿಂದ ಕಾಯಬಲ್ಲುದೆ?

ಈ ಪ್ರಶ್ನೆ ಕವಿಕಲ್ಪನೆಯದಲ್ಲ. ಪಶ್ಚಿಮಘಟ್ಟದಲ್ಲಲ್ಲದೆ ಬೇರೆಲ್ಲೂ ಬೆಳೆಯದ ಬಿಳಿದೇವದಾರಿ ಎಂಬ ಮರವೊಂದಿದೆ. ಹೆಸರು ಕೇಳಿ ಹಿಮಾಲಯವನ್ನು ನೆನೆಯಬೇಕಾಗಿಲ್ಲ. ಇದು ನಮ್ಮ ಬೇವಿನ ಬಳಗದ್ದು. ಬೆಲೆಬಾಳುವ ನಾಟಾ ಆದುದೇ ಅದಕ್ಕೆ ಮುಳುವಾಗಿ, ಅಳಿವಿನಂಚಿನ ಮರಗಳ ಪಟ್ಟಿಗೆ ಸೇರಿತು. ಕೊಡಗಿನ ದೇವರಕಾಡುಗಳೂ ಕಾಫಿ ತೋಟಗಳೂ ಹೆಣೆದುಕೊಂಡ 216 ಚದರ ಕಿಲೋಮೀಟರ್ ಸೀಮೆಯಲ್ಲಿ ವಿಜ್ಞಾನಿಗಳು ಈ ಜಾತಿಯ ಬೆಳೆದ ಮರಗಳನ್ನೆಲ್ಲ ಹುಡುಕಿ ಲೆಕ್ಕವಿಟ್ಟರು. ಬಳಿಕ 488 ಸಸಿಗಳ ಎಲೆ ಬಿಡಿಸಿ, ವಂಶವಾಹಿಯ ಹತ್ತು ಗುರುತುಗಳನ್ನು ತಾಳೆ ನೋಡಿ, ಯಾವ ಸಸಿ ಯಾವ ಮರದ ಕೂಸೆಂದು ಕಂಡುಹಿಡಿದರು. ಜಾತಕ ನೋಡಿ ಕುಲ ಹೇಳುವ ಜೋಯಿಸರಿಗಿಂತ ಇವರ ಮಾತು ಗಟ್ಟಿಯಾದುದು.

ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಈ ಮರದ ಬೀಜ ಒಯ್ಯುವುದು ಮಂಗಟ್ಟೆ ಹಕ್ಕಿ. ದೊಡ್ಡ ಕೊಕ್ಕಿನ ಆ ಹಕ್ಕಿ ಕಿಲೋಮೀಟರುಗಟ್ಟಲೆ ಹಾರಬಲ್ಲುದು. ಆದಕಾರಣ ಬೀಜವೂ ಅಷ್ಟೇ ದೂರ ಹೋಗುತ್ತದೆಂದು ನಂಬುವುದು ಸಹಜ. ಸಸಿಗಳು ಹೇಳಿದ್ದೇ ಬೇರೆ. ಅವುಗಳಲ್ಲಿ ಬಹುಪಾಲು ತಾಯಿಮರದಿಂದ 200 ಮೀಟರಿನೊಳಗೇ ಬೇರೂರಿದ್ದವು! ಹಕ್ಕಿ ಹಾರುವ ದೂರ ಒಂದು. ಬೀಜ ಬಿದ್ದು, ಮೊಳೆತು, ಬದುಕುವ ದೂರ ಇನ್ನೊಂದು. ಒಂದು ದೇವರಕಾಡಿನಿಂದ ಮತ್ತೊಂದಕ್ಕೆ ದಾಟಲು 200 ಮೀಟರು ಸಾಲದು.

ಪರಾಗದ ಪಯಣ ಇದಕ್ಕಿಂತ ದೀರ್ಘವಾದುದು. ಅದೇ ಸೀಮೆಯಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವು ಪರಾಗವು ಒಮ್ಮೊಮ್ಮೆ 5 ಕಿಲೋಮೀಟರಿಗೂ ಮೀರಿ ಸಾಗುವುದನ್ನು ತೋರಿಸಿತ್ತು. ಆದರೂ ಕಾಡುತುಣುಕುಗಳ ನಡುವಣ ಅಂತರ ಹಳೆಯ ಮರಗಳಲ್ಲಿ ಕಂಡುದಕ್ಕಿಂತ ಎಳೆಯ ಸಸಿಗಳ ವಂಶವಾಹಿಯಲ್ಲಿ ಹೆಚ್ಚಾಗಿ ಕಂಡಿತು. ಎಂದರೆ ನಂಟಸ್ತಿಕೆ ತಲೆಮಾರಿನಿಂದ ತಲೆಮಾರಿಗೆ ಕಿರಿದಾಗುತ್ತಿದೆ. ಗೋತ್ರ, ಬೆಡಗು ಕೇಳಿ ಸಂಬಂಧ ಬೆಳೆಸಿದ ನಮ್ಮ ಹಿರಿಯರಿಗೆ ಇದರ ಅಪಾಯವನ್ನು ವಿವರಿಸಬೇಕಾಗಿರಲಿಲ್ಲ. ಒಂದೇ ರಕ್ತದ ಬಳಗಕ್ಕೆ ಹೊಸ ರೋಗ ಬಂದರೆ, ಮಳೆ ತಪ್ಪಿದರೆ, ತಡೆದು ನಿಲ್ಲುವ ಭಿನ್ನ ಗುಣದವನು ಅಲ್ಲಿ ಒಬ್ಬನಾದರೂ ಇರುವನೆ?

ಇದು ಕೊಡಗಿನವರ ಚಿಂತೆ, ನಮಗೇನು ಎನ್ನುವಂತಿಲ್ಲ. ನಮ್ಮ ಸಕಲೇಶಪುರದ ಘಟ್ಟದಲ್ಲಿಯೂ ಕಾಡಿನ ತುಣುಕುಗಳ ನಡುವೆ ಕಾಫಿ ತೋಟಗಳಿವೆ. ತೋಟದ ನೆರಳಿಗೆ ನಾಡಮರಗಳಿದ್ದರೆ ಅವೇ ಕಾಡಿನಿಂದ ಕಾಡಿಗೆ ಮೆಟ್ಟಿಲುಗಳು. ಅವನ್ನು ತೆಗೆದು ಸಾಲುಸಾಲಾಗಿ ಸಿಲ್ವರ್ ಓಕ್ ನಿಲ್ಲಿಸಿದಾಗ ನೆರಳೇನೋ ಉಳಿಯುತ್ತದೆ, ಮೆಟ್ಟಿಲು ಮುರಿಯುತ್ತದೆ. ಬೇಗ ಬೆಳೆದು ಕಾಸು ತರುವ ಮರವನ್ನು ಬೆಳೆಗಾರ ಬಯಸುವುದು ತಪ್ಪೆಂದು ನಾನು ಹೇಳಲಾರೆ. ಸಾಲ ಮಾಡಿ ತೋಟ ನಡೆಸುವವನಿಗೆ ಪುಣ್ಯದ ಮಾತು ಹೇಳುವುದು ಸುಲಭ. ಹತ್ತು ಮರಗಳ ನಡುವೆ ಎರಡಾದರೂ ಕಾಡಿನವು ಇರಲಿ ಎಂದು ಕೇಳುವಷ್ಟು ಸಲಿಗೆ ಮಾತ್ರ ವಹಿಸುತ್ತೇನೆ.

1950ರಿಂದ ನಾವು ವರ್ಷವರ್ಷವೂ ವನಮಹೋತ್ಸವ ಆಚರಿಸುತ್ತಿದ್ದೇವೆ. ಎಷ್ಟು ಸಸಿ ನೆಟ್ಟೆವೆಂದು ಎಣಿಸುತ್ತೇವೆ. ಎಷ್ಟು ತಾಯಂದಿರ ಮಕ್ಕಳೆಂದು ಕೇಳುವುದಿಲ್ಲ. ರಸ್ತೆಗೆ ಹತ್ತಿರವಿರುವ ಒಂದೇ ಮರದ ಬೀಜ ಆಯ್ದು ಸಾವಿರ ಸಸಿ ಮಾಡಿದರೆ ಆಗುವುದು ಒಡಹುಟ್ಟಿದವರ ಗುಂಪು, ಕಾಡಲ್ಲ. ಹತ್ತಾರು ಕಾಡುಗಳ ಹತ್ತಾರು ಮರಗಳಿಂದ ಬೀಜ ತಂದು ಬೆರೆಸಿ ನೆಟ್ಟರೆ, ಹಕ್ಕಿಯಿಂದಾಗದುದನ್ನು ನಾವು ಮಾಡಿದಂತಾಗುತ್ತದೆ.

ಮುಂದಿನ ಮಳೆಗಾಲದಲ್ಲಿ ಸಸಿ ಕೈಗೆ ಬಂದಾಗ ವಾಚಕರು ಒಂದು ಮಾತು ಕೇಳಲಿ: ‘ಇದರ ತಾಯಿ ಯಾವ ಕಾಡಿನವಳು?’ ಉತ್ತರ ಕೂಡಲೆ ಸಿಗದಿದ್ದರೂ ಚಿಂತೆಯಿಲ್ಲ. ಕೇಳುವವರು ಹೆಚ್ಚಿದಂತೆ ಬೀಜ ಆಯುವವನು ಇನ್ನೂ ನಾಲ್ಕು ಹೆಜ್ಜೆ ಕಾಡಿನೊಳಕ್ಕೆ ನಡೆದಾನು.