ಕಿಟ್‌ನಲ್ಲಿ ಸಕ್ಕರೆ ಇದೆ, ಜೋಳ ಎಲ್ಲಿ?

ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ‘ಇಂದಿರಾ ಆಹಾರ ಕಿಟ್’ ಕೊಡಲು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿತು. ಬೇಳೆ ಸೇರಿಸಿದ್ದು ಸರಿ. ಆದರೆ ಗದಗದಂಥ ಜೋಳದ ಜಿಲ್ಲೆಯ ಪಾಲಿಗೆ ಈ ಪಟ್ಟಿ ತಪ್ಪು. ಸಕ್ಕರೆ ತೆಗೆದು ಜೋಳ ಹಾಕಬೇಕು. ಕಾಳಸಂತೆ, ಟೆಂಡರ್, ಬೊಕ್ಕಸದ ಹೊರೆ ಎಲ್ಲವೂ ಚರ್ಚೆಗೆ ಬಂದವು. ಉಣ್ಣುವವರ ಕರುಳಿನ ಮಾತು ಮಾತ್ರ ಬರಲಿಲ್ಲ.

ಆ ಮಾತಿಗೆ ಆಧಾರ ನಮ್ಮ ದೇಶದಲ್ಲೇ ಇದೆ. ದೆಹಲಿಯ ಏಮ್ಸ್ ವೈದ್ಯರು ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಹುಣ್ಣು, ಉರಿಯೂತದ ರೋಗ) ಇದ್ದ 66 ರೋಗಿಗಳ ಮೇಲೆ ನಡೆಸಿದ ಪ್ರಯೋಗವನ್ನು 2022ರಲ್ಲಿ ‘ಗಟ್’ ನಿಯತಕಾಲಿಕ ಪ್ರಕಟಿಸಿತು. 35 ಮಂದಿಗೆ ಆರೋಗ್ಯವಂತರ ಮಲದ ಸೂಕ್ಷ್ಮಜೀವಿಗಳನ್ನು ವಾರಕ್ಕೊಮ್ಮೆಯಂತೆ ಏಳು ಬಾರಿ ಕರುಳಿಗೆ ಸೇರಿಸಿದರು; ಜೊತೆಗೆ ಉರಿಯೂತ ತಗ್ಗಿಸುವ ಪಥ್ಯ. ಉಳಿದ 31 ಮಂದಿಗೆ ಎಂದಿನ ಚಿಕಿತ್ಸೆ. ಎಂಟು ವಾರಕ್ಕೆ ಮೊದಲ ಗುಂಪಿನಲ್ಲಿ ಶೇ 60ರಷ್ಟು, ಎರಡನೆಯದರಲ್ಲಿ ಶೇ 32ರಷ್ಟು ರೋಗಿಗಳಲ್ಲಿ ರೋಗ ಶಮನವಾಯಿತು. ಈ ಪ್ರಯೋಗವನ್ನು ನೆನೆಯುವವರು ‘ಮಲ ಕಸಿ’ಯ ಮಾತಿನಲ್ಲೇ ನಿಂತುಬಿಡುತ್ತಾರೆ.

ಗಮನಿಸಬೇಕಾದ ಎರಡು ಸಂಗತಿ ಅಲ್ಲಿಂದ ಆಚೆಗಿವೆ. ಒಂದು, ಸೂಕ್ಷ್ಮಜೀವಿಗಳನ್ನು ಕೊಟ್ಟ ದಾನಿಗಳು ಹಳ್ಳಿಯವರು. ಎರಡು, ಎಂಟು ವಾರದ ನಂತರ ಕಸಿ ನಿಂತಿತು, ಪಥ್ಯ ಮಾತ್ರ ಮುಂದುವರಿಯಿತು. 48ನೇ ವಾರಕ್ಕೆ ಕರುಳಿನ ಒಳಪದರವೂ ಮಾಗಿ ಪೂರ್ಣ ಶಮನದಲ್ಲಿ ಉಳಿದವರು ಪಥ್ಯದ ಗುಂಪಿನಲ್ಲಿ 24ಕ್ಕೆ 6. ಎಂದಿನ ಚಿಕಿತ್ಸೆಯ ಗುಂಪಿನಲ್ಲಿ 27ಕ್ಕೆ ಸೊನ್ನೆ. ಸಂಖ್ಯೆ ಸಣ್ಣದು ನಿಜ. ಇದರಲ್ಲಿ ಕಸಿಯ ಪಾಲೆಷ್ಟು, ಊಟದ ಪಾಲೆಷ್ಟು ಎಂದು ಬಿಡಿಸಿ ಹೇಳುವುದೂ ಕಷ್ಟ. ಆದರೂ ಆರು ಮತ್ತು ಸೊನ್ನೆಯ ನಡುವಿನ ಅಂತರವನ್ನು ಸಣ್ಣದೆಂದು ತಳ್ಳಿಹಾಕಲಾಗದು. ಆ ಪಥ್ಯದಲ್ಲಿ ದೂರವಿಟ್ಟದ್ದೇನು? ಗೋಧಿಯಂಥ ಗ್ಲುಟೆನ್ ಧಾನ್ಯ, ಸಂಸ್ಕರಿತ ಮಾಂಸ, ಸಕ್ಕರೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ಸಕ್ಕರೆಯನ್ನು ನಾವು ಕಿಟ್‌ಗೆ ತುಂಬುತ್ತಿದ್ದೇವೆ.

ಹಳ್ಳಿಯ ದಾನಿಗಳೇ ಏಕೆ ಎಂಬುದಕ್ಕೂ ಹಳೆಯ ಸುಳಿವಿದೆ. 2010ರಲ್ಲಿ ಇಟಲಿಯ ಸಂಶೋಧಕರು ಬುರ್ಕಿನಾ ಫಾಸೊದ ಬುಲ್ಪೋನ್ ಹಳ್ಳಿಯ 14 ಮಕ್ಕಳನ್ನು ಫ್ಲಾರೆನ್ಸ್ ನಗರದ 15 ಮಕ್ಕಳೊಂದಿಗೆ ಹೋಲಿಸಿದರು. ಹಳ್ಳಿಯ ಮಕ್ಕಳು ಉಣ್ಣುತ್ತಿದ್ದದ್ದು ಜೋಳ, ಸಜ್ಜೆ, ಕಾಳು, ಸೊಪ್ಪು. ಅವರ ಕರುಳಿನಲ್ಲಿ ನಾರನ್ನು ಹುದುಗಿಸುವ ಪ್ರಿವೊಟೆಲ್ಲಾದಂಥ ಬ್ಯಾಕ್ಟೀರಿಯಾ ಹೇರಳವಾಗಿದ್ದವು. ಅವು ತಯಾರಿಸುವ ಬ್ಯುಟಿರೇಟ್‌ನಂಥ ಕೊಬ್ಬಿನಾಮ್ಲಗಳೂ ಹೆಚ್ಚಿದ್ದವು. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಆಹಾರವೇ ಬ್ಯುಟಿರೇಟ್.

ಗದಗ ಜಿಲ್ಲೆಯ ಕಪ್ಪತಗುಡ್ಡದ ಸೆರಗಿನ ಡೋಣಿ ಹಳ್ಳಿಯಲ್ಲಿ ಇದೇ ಊಟ ಇನ್ನೂ ಉಳಿದಿದೆ: ಬಿಳಿಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಪುಂಡಿಪಲ್ಯ, ಅಗಸಿ ಚಟ್ನಿ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ. ಆದರೆ ಕಿರಾಣಿ ಅಂಗಡಿಯ ಮುಂದೆ ಐದು ರೂಪಾಯಿಯ ಕುರುಕಲು ಪೊಟ್ಟಣಗಳ ಸರ ತೂಗುತ್ತದೆ, ಮಗುವಿನ ಮುಂಜಾನೆ ಚಹಾ ಬಿಸ್ಕತ್ತಿನಲ್ಲೇ ಮುಗಿಯುತ್ತದೆ. ಪಡಿತರ ಅಕ್ಕಿ ಬಂದಂತೆ ರೊಟ್ಟಿ ಬಡಿಯುವ ಕೈಗಳಿಗೂ ಬಿಡುವು ಸಿಕ್ಕಿತು. ಹೊಲದಲ್ಲಿ ದುಡಿದು ಬಂದು ಒಲೆ ಮುಂದೆ ಕೂರುವ ಹೆಂಗಸನ್ನು ಇದಕ್ಕಾಗಿ ದೂರುವುದು ಅನ್ಯಾಯ. ಪಡಿತರದ ಪಟ್ಟಿ ಬರೆಯುವವರನ್ನೇ ಕೇಳಬೇಕು.

ಕರುಳಿನ ಉರಿಯೂತ ಪಟ್ಟಣದವರ ರೋಗ, ಹಳ್ಳಿಗೇಕೆ ಚಿಂತೆ ಎನ್ನುವವರಿದ್ದಾರೆ. ಹೈದರಾಬಾದಿನ ಎಐಜಿ ಆಸ್ಪತ್ರೆಯ ವೈದ್ಯರ ಅಧ್ಯಯನ ಈ ಸಮಾಧಾನವನ್ನು ಅಳಿಸಿದೆ. ರೋಗ ಗ್ರಾಮೀಣರಲ್ಲೂ ತಲೆಯೆತ್ತುತ್ತಿದೆ. ಲೂಧಿಯಾನದ ವೈದ್ಯರು ಪಂಜಾಬಿನಲ್ಲಿ ಮನೆಮನೆಗೆ ಹೋಗಿ 51,910 ಜನರನ್ನು ಪರೀಕ್ಷಿಸಿ, ಲಕ್ಷಕ್ಕೆ 44.3 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇದೆ ಎಂದು 2003ರಲ್ಲೇ ವರದಿ ಮಾಡಿದ್ದರು. ನಮ್ಮಲ್ಲಿ ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ನಾಟಿ ಔಷಧಿ. ಕರುಳಿನ ಇನ್ನೊಂದು ಉರಿಯೂತ ರೋಗವಾದ ಕ್ರೋನ್ಸ್ ಇದ್ದರೆ ಕರುಳಿನ ಕ್ಷಯವೆಂದು ತಿಂಗಳುಗಟ್ಟಲೆ ಮಾತ್ರೆ. ಎಣಿಕೆಗೆ ಸಿಗದ ರೋಗ ಇಲ್ಲದ ರೋಗವಲ್ಲ.

ರೊಟ್ಟಿ ತಿಂದರೆ ಕೊಲೈಟಿಸ್ ಗುಣವಾಗುತ್ತದೆಂದು ನಾನು ಹೇಳುತ್ತಿಲ್ಲ. ರೋಗ ಉಲ್ಬಣಿಸಿದಾಗ, ಕರುಳು ಕಿರಿದಾದಾಗ ನಾರಿನ ಊಟ ಅಪಾಯ ತಂದೀತು. ವೈದ್ಯರು ಕೊಟ್ಟ ಮಾತ್ರೆ ಬಿಡಲೇಬಾರದು. ನನ್ನ ವಾದ ಇನ್ನೂ ಆರೋಗ್ಯವಾಗಿರುವ ಕರುಳುಗಳ ಬಗ್ಗೆ.

ಪಡಿತರ ಬದಲಾಗುವ ಕಾಲವೇ ಅಧ್ಯಯನಕ್ಕೆ ತಕ್ಕ ಕಾಲ. ಗದಗದ ವೈದ್ಯಕೀಯ ಕಾಲೇಜು, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸೇರಿ ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ಕೆಲವು ಹಳ್ಳಿಗಳಲ್ಲಿ ಜೋಳದ ಕಿಟ್, ಉಳಿದೆಡೆ ಸಕ್ಕರೆಯ ಕಿಟ್ ಕೊಟ್ಟು, ಮೊದಲೂ ನಂತರವೂ ಮಲದ ಮಾದರಿ ಹೋಲಿಸಲಿ. ಜೋಳವನ್ನು ಇದೇ ಜಿಲ್ಲೆಯ ರೈತರಿಂದ ಬೆಂಬಲ ಬೆಲೆಗೆ ಕೊಳ್ಳಲಿ. ಸಾವಿರಾರು ಕೋಟಿಯ ಯೋಜನೆಯಲ್ಲಿ ಇದಕ್ಕೆ ಬೇಕಾದ ಹಣ ದೊಡ್ಡದಲ್ಲ. ಬೇಕಿರುವುದು ಆಹಾರ ಇಲಾಖೆಯೂ ಆರೋಗ್ಯ ಇಲಾಖೆಯೂ ಒಂದೇ ಮೇಜಿನ ಮುಂದೆ ಕೂತು ಪಟ್ಟಿ ಬರೆಯುವ ಮನಸ್ಸು.