ನಮ್ಮ ಮನೆಗೆ ಬಂದ ಯಂತ್ರಗಳು

ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ಮನೆಯ ಹೆಂಚು ಕೈಯಾಡಿಸಬೇಕಾಗಿದ್ದುದರಿಂದ ನಾವು ಅಟ್ಟವನ್ನು ಬರಿದುಮಾಡಿಸಿದೆವು. ಆಳು ಕೆಳಗಿಳಿಸಿದ ಸಾಮಾನುಗಳನ್ನು ಮೊಮ್ಮಗನು ಜಗಲಿಯ ಮೇಲೆ ಸಾಲಾಗಿ ಜೋಡಿಸಿದನು. ತೀರ್ಥರೂಪರ ಕಾಲದ ರೇಡಿಯೋ, ಟಿ.ವಿ.ಗೆ ತಗುಲಿಸಿ ಆಡುವ ಆಟದ ಪೆಟ್ಟಿಗೆ, ಸಿಡಿಲಿಗೆ ಬಲಿಯಾದ ಕಂಪ್ಯೂಟರು, ಮೂರು ಮೊಬೈಲ್ ಫೋನುಗಳು, ಇವೆಲ್ಲಕ್ಕೂ ಕೊನೆಯಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ್ದ ಒಂದು ಗಂಟು. ಬಾಲಕನು ಎಲ್ಲವನ್ನೂ ನೋಡಿ, "ಅಜ್ಜ, ಇವುಗಳಲ್ಲಿ ಈಗಲೂ ಕೆಲಸ ಮಾಡುವುದು ಯಾವುದು?" ಎಂದು ಕೇಳಿದನು.

ನಾವು ಸ್ವಲ್ಪ ಹೊತ್ತು ಯೋಚಿಸಿ, ಕೆಂಪು ಗಂಟನ್ನು ಬಿಚ್ಚಿ ತೋರಿಸಿದೆವು. ಅದು ನಮ್ಮ ಮುತ್ತಜ್ಜನವರ ಕಡತ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದುದನ್ನು ಅಳಿಸಿ ಪುನಃ ಬರೆಯಲೂ ಬರುತ್ತಿತ್ತು. ಅಡಕೆ ಮೆಣಸುಗಳ ಲೆಕ್ಕ ಅದರಲ್ಲಿತ್ತು. ಅಕ್ಷರದ ತಿರುವು ಹಳೆಯದಾದರೂ ನಾವು ಓದಿ ಹೇಳಿದೆವು. ಬಾಲಕನು ನಕ್ಕನು. ನಮಗೆ ಮಾತ್ರ ನಗು ಬರಲಿಲ್ಲ. ಅದೇಕೆಂಬುದನ್ನು ಈ ತಿಂಗಳು ಓದುಗರಿಗೆ ನಿವೇದಿಸಬೇಕೆಂದಿದ್ದೇವೆ.

ನಾವು ಹುಟ್ಟಿದುದು 1964 ರಲ್ಲಿ. ಮನೆಗೆ ಮೊದಲು ಬಂದ ಯಂತ್ರವೆಂದರೆ ರೇಡಿಯೋ. ಆ ಕಾಲದಲ್ಲಿ ರೇಡಿಯೋ ಇಟ್ಟುಕೊಳ್ಳುವುದಕ್ಕೂ ಲೈಸೆನ್ಸು ಬೇಕಾಗಿತ್ತು. ತೀರ್ಥರೂಪರು ವರ್ಷಕ್ಕೊಮ್ಮೆ ಅಂಚೆಯ ಕಛೇರಿಗೆ ಹೋಗಿ ಹಣ ಕಟ್ಟಿ ಬರುತ್ತಿದ್ದರು. 1974 ರಲ್ಲಿ ಆಕಾಶವಾಣಿಯವರು ಸಂಸ್ಕೃತದಲ್ಲಿ ವಾರ್ತೆಗಳನ್ನು ಓದಲಾರಂಭಿಸಿದರು. ಪಂಚಾಂಗದಲ್ಲಿಯೂ ಪೂಜೆಯಲ್ಲಿಯೂ ಮಾತ್ರ ಕೇಳಿದ್ದ ಭಾಷೆಯು ಪೆಟ್ಟಿಗೆಯೊಳಗಿನಿಂದ ಲೋಕವ್ಯವಹಾರವನ್ನು ಆಡುವುದನ್ನು ಕೇಳಿ ಹತ್ತು ವರ್ಷದ ನಮಗೆ ಆದ ಆಶ್ಚರ್ಯವು ಇನ್ನೂ ಮಾಸಿಲ್ಲ. ಮುಂದೆ ನಾವು ಸಂಸ್ಕೃತವನ್ನೇ ಓದಿ, ಅದನ್ನೇ ಕಲಿಸಿ, 2024 ರಲ್ಲಿ ನಿವೃತ್ತರಾದುದಕ್ಕೆ ಆ ರೇಡಿಯೋವೂ ಒಂದು ಕಾರಣವೆಂದರೆ ತಪ್ಪಾಗಲಾರದು.

ಕಂಪ್ಯೂಟರಿನ ಮೊದಲ ದರ್ಶನವಾದುದು ನಾವು ಉಪಾಧ್ಯಾಯರಾದ ಹೊಸದರಲ್ಲಿ. ಶಾಲೆಯ ಮಕ್ಕಳಿಗೆ ಈ ವಿದ್ಯೆಯ ಪರಿಚಯವಾಗಲೆಂದು ಕೇಂದ್ರ ಸರ್ಕಾರವು 1984 ರಲ್ಲಿ 'ಕ್ಲಾಸ್' ಎಂಬ ಯೋಜನೆಯನ್ನು ಆರಂಭಿಸಿ, ಇಂಗ್ಲೆಂಡಿನ ಬಿ.ಬಿ.ಸಿ. ಮೈಕ್ರೋ ಎಂಬ ಯಂತ್ರಗಳನ್ನು ಕೆಲವು ಶಾಲೆಗಳಿಗೆ ಕೊಟ್ಟಿತ್ತು. ಅವುಗಳಲ್ಲೊಂದನ್ನು ನಾವು ಜಿಲ್ಲೆಯ ಪಟ್ಟಣದಲ್ಲಿ ಕಂಡೆವು. ಬೀಗ ಹಾಕಿದ ಕೋಣೆ, ಯಂತ್ರದ ಮೇಲೊಂದು ಹೊದಿಕೆ, ಬಾಗಿಲಲ್ಲಿ ಚಪ್ಪಲಿ ಬಿಡಬೇಕೆಂಬ ನಿಯಮ: ಗರ್ಭಗುಡಿಗೆ ಯಾವುದೂ ಕಡಮೆಯಿರಲಿಲ್ಲ. ಅದರ ಸ್ಮರಣಶಕ್ತಿಯು 32 ಕಿಲೋಬೈಟು. ಇಂದಿನ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕಾಗುವುದರಿಂದ, ಅಷ್ಟು ಸ್ಥಳದಲ್ಲಿ ಹನ್ನೊಂದು ಸಾವಿರ ಸಂಕೇತಗಳೂ ಹಿಡಿಯವು. ಈಗ ನಮ್ಮ ಅಂಗಿಯ ಜೇಬಿನಲ್ಲಿರುವ ಫೋನಿಗೆ 6 ಗಿಗಾಬೈಟಿನ ಸ್ಮರಣೆಯಿದೆ. ಲೆಕ್ಕ ಹಾಕಿದರೆ ಸುಮಾರು ಎರಡು ಲಕ್ಷ ಪಟ್ಟು ಅಧಿಕ.

ಎರಡನೆಯದಾಗಿ ಬಂದುದು ಆಟದ ಪೆಟ್ಟಿಗೆ. 1997 ರ ಬೇಸಗೆಯಲ್ಲಿ ಎಂಟು ವರ್ಷದ ಮಗನ ಹಟವನ್ನು ತಾಳಲಾರದೆ ತಂದೆವು. ಜಪಾನಿನ ನಿಂಟೆಂಡೋ ಕಂಪನಿಯವರು 1983 ರಲ್ಲಿ ಹೊರತಂದ ಯಂತ್ರದ ಅನುಕರಣ ಅದು. ಪೆಟ್ಟಿಗೆಯ ಮೇಲೆ ಸಾವಿರಾರು ಆಟಗಳೆಂದು ಅಚ್ಚಾಗಿದ್ದರೂ ಒಳಗಿದ್ದವು ಕೆಲವೇ. ಹೆಸರು ಬದಲಿಸಿಕೊಂಡು ಅವೇ ಮರಳಿ ಬರುತ್ತಿದ್ದವು. ಆಟ ನಿಂತಾಗಲೆಲ್ಲ ಮಗನು ಕ್ಯಾಸೆಟ್ಟನ್ನು ಕಿತ್ತು ಬಾಯಿಂದ ಊದಿ ಪುನಃ ಹಾಕುತ್ತಿದ್ದನು. ಊದುವುದರಿಂದ ಫಲವಿಲ್ಲ, ತೆಗೆದು ಹಾಕಿದುದರಿಂದಲೇ ಅದು ಸರಿಹೋಗುತ್ತದೆ, ಉಸಿರಿನ ತೇವವು ಲೋಹದ ಹಲ್ಲುಗಳನ್ನು ಕೆಡಿಸುತ್ತದೆ ಎಂಬುದು ಆಮೇಲೆ ತಿಳಿಯಿತು. ಆಗ ನಮ್ಮ ಮನೆಯಲ್ಲಿದ್ದ ಅಕ್ಕಯ್ಯನು ಮಡಿಲಲ್ಲಿ ಹೂವಿನ ಬುಟ್ಟಿಯನ್ನಿಟ್ಟುಕೊಂಡು ಮಾರಿಯೋ ಎಂಬ ಮೀಸೆಯ ಬೊಂಬೆಯ ಹಾರಾಟವನ್ನು ನೋಡಿ, "ಪಾಪ, ಇಷ್ಟು ಹಾರಿದರೂ ಅವನಿಗೆ ಮನೆ ಸಿಗಲಿಲ್ಲವಲ್ಲೋ" ಎನ್ನುತ್ತಿದ್ದಳು.

ಅಕ್ಕಯ್ಯನ ವಿಷಯವಾಗಿ ಎರಡು ಮಾತು ಹೇಳಬೇಕು. ಆಕೆ ನಮಗಿಂತ ಹದಿನಾರು ವರ್ಷ ಹಿರಿಯಳು. ಸಣ್ಣ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ನಮ್ಮನ್ನೂ ನಮ್ಮ ಮಕ್ಕಳನ್ನೂ ಎತ್ತಿ ಆಡಿಸಿದವಳು. ಹಸೆಯ ಹಾಡು, ಆರತಿಯ ಹಾಡು, ತೊಟ್ಟಿಲ ಹಾಡುಗಳು ಆಕೆಗೆ ಬರುತ್ತಿದ್ದಷ್ಟು ಸುತ್ತಿನ ನಾಲ್ಕು ಊರುಗಳಲ್ಲಿ ಮತ್ತಾರಿಗೂ ಬರುತ್ತಿರಲಿಲ್ಲ. ಅವುಗಳನ್ನೆಲ್ಲ ಎರಡು ದೊಡ್ಡ ಪುಸ್ತಕಗಳಲ್ಲಿ ತನ್ನ ಕೈಯಿಂದಲೇ ಬರೆದಿಟ್ಟಿದ್ದಳು.

2001 ರಲ್ಲಿ ಮನೆಗೆ ಕಂಪ್ಯೂಟರು ಬಂದಿತು. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು ಜೋಡಿಸಿಸಿ, ಪರದೆಯ ಪೆಟ್ಟಿಗೆಗೆ ಎರಡು ಕಂಬಳಿ ಸುತ್ತಿ, ರಾತ್ರಿಯ ಬಸ್ಸಿನಲ್ಲಿ ಕೂಸನ್ನು ತಂದಂತೆ ತಂದೆವು. ಕನ್ನಡ ಗಣಕ ಪರಿಷತ್ತಿನವರ 'ನುಡಿ' ಎಂಬ ತಂತ್ರಾಂಶವನ್ನು 2003 ರಲ್ಲಿ ಹಾಕಿಸಿದೆವು. ಅದರ ಕೀಲಿಮಣೆಯು ಶ್ರೀ ಕೆ. ಪಿ. ರಾವ್ ಅವರ ಕ್ರಮವನ್ನು ಅನುಸರಿಸಿದುದು. ವ್ಯಂಜನ, ನಡುವೆ ಸೇತುವೆಯಂತೆ ಒಂದು ಕೀಲಿ, ಆಮೇಲೆ ಮತ್ತೊಂದು ವ್ಯಂಜನ, ಹೀಗೆ ಉಚ್ಚರಿಸಿದ ಕ್ರಮದಲ್ಲಿಯೇ ಒತ್ತಕ್ಷರಗಳು ಮೂಡುವುದನ್ನು ಕಂಡು ವ್ಯಾಕರಣ ಓದಿದ ನಮಗೆ ಪರಮಾನಂದವಾಯಿತು.

ಆ ಚಳಿಗಾಲವೆಲ್ಲ ಅಕ್ಕಯ್ಯನು ಹೇಳುವಳು, ನಮ್ಮ ಮನೆಯಾಕೆ ಒತ್ತುವಳು. ಪುಸ್ತಕದಲ್ಲಿ ಬರೆಯದೆ ಬಿಟ್ಟಿದ್ದ ನುಡಿಗಳನ್ನೂ ಅಕ್ಕಯ್ಯನು ನೆನೆದು ಸೇರಿಸಿದಳು. ಒಟ್ಟು ಎಪ್ಪತ್ತೆರಡು ಹಾಡುಗಳಾದವು. ಒಂದೊಂದು ಕಂತನ್ನು ಒಂದೊಂದು ಫ್ಲಾಪಿಯಲ್ಲಿ ಇಳಿಸಿ, ಐದು ಫ್ಲಾಪಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟೆವು. ಮೂಲವು ಕಂಪ್ಯೂಟರಿನಲ್ಲಿ ಇದ್ದೇ ಇತ್ತು. ಅಕ್ಕಯ್ಯನು 2007 ರಲ್ಲಿ ತೀರಿಕೊಂಡಳು.

ಇಲ್ಲಿಂದ ಮುಂದಿನದು ನಮ್ಮ ಅಪರಾಧ. ಮರುವರ್ಷ ಸುಣ್ಣ ಹೊಡೆಸುವಾಗ ಗೆದ್ದಲು ಹತ್ತಿದ ಕಾಗದಗಳೊಡನೆ ಅಕ್ಕಯ್ಯನ ಎರಡು ಪುಸ್ತಕಗಳನ್ನೂ ನಾವು ರದ್ದಿಯವನ ತಕ್ಕಡಿಗೆ ಹಾಕಿದೆವು. ಮನೆಯಾಕೆ, "ಅಕ್ಕಯ್ಯನ ಪುಸ್ತಕಗಳಲ್ಲವೇ ಅವು?" ಎಂದಳು. "ಎಲ್ಲವೂ ಕಂಪ್ಯೂಟರಿನಲ್ಲಿದೆಯಲ್ಲ, ಇನ್ನು ಈ ಧೂಳೇಕೆ?" ಎಂದು ಉತ್ತರವಿತ್ತೆವು. ಉಪಾಧ್ಯಾಯರ ಮಾತಾದುದರಿಂದ ಆಕೆ ಮರುಮಾತಾಡಲಿಲ್ಲ. 2009 ರ ಮುಂಗಾರಿನಲ್ಲಿ ಬಡಿದ ಸಿಡಿಲಿಗೆ ಕಂಪ್ಯೂಟರು ಸುಟ್ಟಿತು. ಅದರೊಳಗಿನ ಮೂಲಪ್ರತಿಯೂ ಹೋಯಿತು. ಫ್ಲಾಪಿಗಳಿವೆಯೆಂಬ ಧೈರ್ಯದಿಂದ ನಾವು ಚಿಂತಿಸಲಿಲ್ಲ. ಆಗಾಗಲೇ ಕೈಗೆ ಟಾರ್ಚು ದೀಪವಿರುವ ನೋಕಿಯಾ 1100 ಬಂದಿತ್ತು. ಮುಂದೆ ಬೆರಳಾಡಿಸುವ ಫೋನೂ ಬಂದಿತು. ಡಬ್ಬಿಯು ಅಟ್ಟ ಸೇರಿತು.

2022 ರಲ್ಲಿ ಮಗಳ ವಿವಾಹ ಗೊತ್ತಾಯಿತು. ಹಸೆಗೆ ಕರೆಯುವಾಗ ಅಕ್ಕಯ್ಯನ ಹಾಡನ್ನೇ ಹೇಳಬೇಕೆಂದು ಹೆಂಗಸರೆಲ್ಲರೂ ಬಯಸಿದರು. ಡಬ್ಬಿಯನ್ನು ತೆರೆದೆವು. ಮಲೆನಾಡಿನ ಹದಿಮೂರು ಮಳೆಗಾಲಗಳನ್ನು ಕಂಡ ಫ್ಲಾಪಿಗಳಲ್ಲಿ ಎರಡರ ತಟ್ಟೆಗೆ ಬೂಸಲು ಹಿಡಿದಿತ್ತು. ಅವುಗಳನ್ನು ಓದುವ ಸಾಧನವೂ ಸುಲಭವಾಗಿ ದೊರೆಯುವಂತಿರಲಿಲ್ಲ. ಸೋನಿ ಕಂಪನಿಯವರು ಜಪಾನಿನಲ್ಲಿ ಫ್ಲಾಪಿಗಳ ಮಾರಾಟವನ್ನು 2011 ರಲ್ಲಿಯೇ ನಿಲ್ಲಿಸಿದ್ದರು. ಮಗನು ಬೆಂಗಳೂರಿನಲ್ಲಿ ಹುಡುಕಿ ಒಂದು ಹಳೆಯ ಸಾಧನವನ್ನು ತಂದನು. ಎರಡು ಫ್ಲಾಪಿಗಳು ಬಾಯಿಯನ್ನೇ ಬಿಡಲಿಲ್ಲ. ಒಂದು ಅರ್ಧ ಓದಿ ನಿಂತಿತು. ಎರಡು ತೆರೆದವು, ಆದರೆ ಪರದೆಯ ಮೇಲೆ ಕನ್ನಡವಿಲ್ಲ! ತಲೆಯ ಮೇಲೆ ಚುಕ್ಕೆ ಗೀಟುಗಳನ್ನು ಹೊತ್ತ ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ರಾಶಿ.

ಮನೆಯಾಕೆ ಕಣ್ಣೊರೆಸಿಕೊಳ್ಳುತ್ತ ಒಳಕ್ಕೆ ಹೋದಳು. ಮಗನು ಸಮಾಧಾನದಿಂದ, "ಅಪ್ಪಯ್ಯ, ಹಾಡು ಹಾಳಾಗಿಲ್ಲ. ವೇಷ ಮಾತ್ರ ಬೇರೆ" ಎಂದು ವಿವರಿಸಿದನು. ಆ ಕಾಲದ ಕನ್ನಡ ತಂತ್ರಾಂಶಗಳಲ್ಲಿ ಇಂಗ್ಲಿಷ್ ಮುಂತಾದ ಲಿಪಿಗಳ ಸಂಕೇತಗಳಿಗೆ ಕನ್ನಡ ಅಕ್ಷರಗಳ ಆಕಾರವನ್ನು ತೊಡಿಸುತ್ತಿದ್ದರು. ಆ ಅಕ್ಷರಶೈಲಿಯು ಇದ್ದ ಯಂತ್ರದಲ್ಲಿ ಮಾತ್ರ ಅದು ಕನ್ನಡ. ಇಲ್ಲದಲ್ಲಿ ವೇಷ ಕಳಚಿದ ನಟನಂತೆ. ಯೂನಿಕೋಡ್ ಎಂಬ ಲೋಕಸಮ್ಮತವಾದ ಕ್ರಮದಲ್ಲಿಯಾದರೋ ಕನ್ನಡಕ್ಕೆ ತನ್ನದೇ ಆದ ಸಂಕೇತಗಳಿವೆ. ಯಾವ ದೇಶದ ಯಂತ್ರದಲ್ಲಿಯೂ ಕನ್ನಡವು ಕನ್ನಡವಾಗಿಯೇ ಇರುವುದು. ಹಳೆಯದನ್ನು ಹೊಸದಕ್ಕೆ ತಿರುಗಿಸುವ ಪರಿವರ್ತಕಗಳೂ ಇವೆ. ಮಗನು ತಿರುಗಿಸಿದನು. ಅರ್ಕಾವೊತ್ತು ಕಣ್ಣಿಗೆ ಅಕ್ಷರದ ಅನಂತರ ಕಂಡರೂ ಉಚ್ಚಾರಣೆಯಲ್ಲಿ ಮೊದಲು ಬರತಕ್ಕದ್ದು. ಅಂಥ ಎಡೆಗಳಲ್ಲಿ ಪರಿವರ್ತಕವು ಎಡವಿತ್ತು. ಓಲೆಪ್ರತಿಯ ದೋಷಗಳನ್ನು ತಿದ್ದುವ ಪಂಡಿತರಂತೆ ನಾವು ಮೂರು ರಾತ್ರಿ ಕುಳಿತು ತಿದ್ದಿದೆವು.

ನಲವತ್ತೊಂದು ಹಾಡುಗಳು ಸಿಕ್ಕವು. ಮನೆಯಾಕೆಯೂ ಅಕ್ಕಯ್ಯನ ಗೆಳತಿಯೊಬ್ಬರೂ ನೆನಪಿನಿಂದ ಒಂಬತ್ತನ್ನು ಕೂಡಿಸಿದರು. ಮೊದಲ ಫ್ಲಾಪಿಯಲ್ಲಿ ಅನುಕ್ರಮಣಿಕೆಯಿದ್ದುದರಿಂದ ಉಳಿದ ಇಪ್ಪತ್ತೆರಡರ ಮೊದಲ ಸಾಲು ಮಾತ್ರ ನಮ್ಮಲ್ಲಿದೆ. ಹಸೆಯ ಹಾಡು ಸಿಕ್ಕಿತು. ತೊಟ್ಟಿಲ ಹಾಡುಗಳಲ್ಲಿ ಹೆಚ್ಚಿನವು ಹೋದವು. ನಮ್ಮನ್ನು ಮಲಗಿಸುತ್ತಿದ್ದ ಹಾಡೂ ಅವುಗಳಲ್ಲೊಂದು.

ಓದುಗರು, ಇದು ಯಂತ್ರಗಳ ದೋಷ, ಹಿಂದಿನವರ ಓಲೆ ಕಡತಗಳೇ ಲೇಸು ಎಂದು ಹೇಳಬಹುದು. ನಾವೂ ಮೊದಲು ಹಾಗೆಯೇ ಎಣಿಸಿದ್ದೆವು. ವಿಚಾರಮಾಡಿದರೆ ಅದು ಸರಿಯಲ್ಲ. ತಾಳೆಯ ಗರಿಯೂ ಅಮರವಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905 ರಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909 ರಲ್ಲಿ ಅಚ್ಚಾಯಿತಷ್ಟೆ. ಅವರಿಗೆ ದೊರೆತುದು ಕೌಟಿಲ್ಯನು ಮುಟ್ಟಿದ ಗರಿಯಲ್ಲ. ಹಳೆಯ ಗರಿ ಜೀರ್ಣವಾಗುವ ಮೊದಲೇ ಒಬ್ಬೊಬ್ಬರು ಹೊಸ ಗರಿಗೆ ಇಳಿಸುತ್ತ ಬಂದ ಪರಂಪರೆಯ ಕೊನೆಯ ಪ್ರತಿ. ಉಳಿಸಿದುದು ಗರಿಯಲ್ಲ, ಪ್ರತಿಮಾಡುವ ಅಭ್ಯಾಸ. ಅದನ್ನು ಬಿಟ್ಟವರು ನಾವು. ನಮ್ಮ ಎಪ್ಪತ್ತೆರಡು ಹಾಡುಗಳೂ 1.44 ಮೆಗಾಬೈಟು ಹಿಡಿಯುವ ಒಂದೇ ಫ್ಲಾಪಿಯಲ್ಲಿ ಹಿಡಿಯುತ್ತಿದ್ದವು. ಐದರಲ್ಲಿ ಐದು ಕಂತುಗಳನ್ನಿಡುವ ಬದಲು ಐದರಲ್ಲಿಯೂ ಎಲ್ಲವನ್ನೂ ಇಟ್ಟಿದ್ದರೆ, ಉಳಿದ ಎರಡರಲ್ಲೊಂದೇ ಸಾಕಾಗುತ್ತಿತ್ತು!

ಗ್ರಂಥದ ಕೊನೆಯಲ್ಲಿ, ಇದನ್ನು ಎಣ್ಣೆಯಿಂದಲೂ ನೀರಿನಿಂದಲೂ ಸಡಿಲವಾದ ಕಟ್ಟಿನಿಂದಲೂ ಕಾಪಾಡಿರಿ, ಮೂರ್ಖನ ಕೈಗೆ ಕೊಡಬೇಡಿರಿ ಎಂದು ಬೇಡಿಕೊಳ್ಳುವುದು ಹಿಂದಿನ ಲಿಪಿಕಾರರ ವಾಡಿಕೆ. ಮೂವತ್ತೇಳು ವರ್ಷ ಪಾಠ ಹೇಳಿದ ನಮಗೆ ಆ ಮೂರ್ಖನು ಯಾರೆಂಬುದು ರದ್ದಿಯ ತಕ್ಕಡಿಯ ಮುಂದೆ ತಿಳಿಯಲಿಲ್ಲ.

ಆದಕಾರಣ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಹಿರಿಯರ ಧ್ವನಿ, ಮನೆಯ ಭಾವಚಿತ್ರ, ಲೆಕ್ಕ, ಹಾಡು ಯಾವುದೇ ಇರಲಿ, ಒಂದೇ ಯಂತ್ರದಲ್ಲಿ ಇಡಬೇಡಿರಿ. ಮೂರು ಪ್ರತಿಗಳಿರಲಿ, ಒಂದಾದರೂ ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ಕನ್ನಡವು ಹಳೆಯ ಅಕ್ಷರಶೈಲಿಯಲ್ಲಿದ್ದರೆ ಈಗಲೇ ಯೂನಿಕೋಡಿಗೆ ತಿರುಗಿಸಿಕೊಳ್ಳಿರಿ. ಅತ್ಯಗತ್ಯವಾದುದನ್ನು ಕಾಗದದ ಮೇಲೂ ಅಚ್ಚುಮಾಡಿಸಿರಿ. ಯಂತ್ರದೊಳಗೆ ಸೇರಿತೆಂಬ ಕಾರಣದಿಂದ ಕೈಬರಹವನ್ನು ಎಸೆಯದಿರಿ. ನವರಾತ್ರಿಯಲ್ಲಿ ಪುಸ್ತಕಗಳನ್ನು ಪೂಜೆಗಿಟ್ಟು ವಿಜಯದಶಮಿಯಂದು ತೆಗೆದು ಓದುವ ಪದ್ಧತಿ ನಮ್ಮಲ್ಲಿದೆಯಷ್ಟೆ. ಆಯುಧಪೂಜೆಯ ದಿನ ಕಂಪ್ಯೂಟರಿಗೆ ಕುಂಕುಮ ಹಚ್ಚುವವರು ಮರುದಿನ ಅದರೊಳಗಿನ ಹಳೆಯ ಕಡತಗಳನ್ನೂ ತೆರೆದು ನೋಡಲಿ. ತೆರೆಯದಿದ್ದರೆ ಆ ವರ್ಷವೇ ತಿಳಿಯುವುದು. ನಮ್ಮಂತೆ ಹದಿಮೂರು ವರ್ಷ ಕಳೆದ ಮೇಲಲ್ಲ.

ಐವತ್ತು ಹಾಡುಗಳನ್ನು ಅಚ್ಚುಹಾಕಿಸಿ ಒಂಬತ್ತು ಮನೆಗಳಿಗೆ ಕೊಟ್ಟಿದ್ದೇವೆ. ಹಿಂದುಗಡೆ ಇಪ್ಪತ್ತೆರಡು ಪುಟಗಳಲ್ಲಿ ಒಂದೊಂದು ಮೊದಲ ಸಾಲು ಮಾತ್ರವಿದೆ, ಉಳಿದ ಸ್ಥಳ ಖಾಲಿ. ಕಳೆದ ತಿಂಗಳು ದೂರದ ಬಂಧುವೊಬ್ಬರು, ಅವುಗಳಲ್ಲೊಂದು ತಮ್ಮ ತಾಯಿಗೆ ಬರುತ್ತದೆಂದು ಕಾಗದ ಬರೆದಿದ್ದಾರೆ. ಆ ತಾಯಿಗೆ ಎಂಬತ್ತಾರು ವರ್ಷ. ಈ ಅಂಕಣವನ್ನು ಸಂಪಾದಕರಿಗೆ ಕಳುಹಿಸಿದೊಡನೆ ನಾವೂ ಮನೆಯಾಕೆಯೂ ಬರೆಯುವ ಪುಸ್ತಕವನ್ನು ತೆಗೆದುಕೊಂಡು ಆ ಊರಿಗೆ ಹೊರಡುವವರಿದ್ದೇವೆ.